ಬಿಗಿಗಂಟು ಕಟ್ಟಿದ ಮಗಳಿಗೆ

ಹೊಗೆ ಆರಿದ ನೂರಾ ಹನ್ನೊಂದನೇ ವರ್ಷ, ಎರಡನೇ ಕಾರ್ತೀಕ, ಮೂವತ್ತಮೂರನೇ ದಿನ.
ಗಂಟುಗುಡ್ಡದ ಕೆಳಗಿನ ಊರಿಂದ ಪುಟ್ಟಸಿದ್ದಮ್ಮ ಬರೆಯುವುದು.

ತಿಂಗಳಿಗೆ ಮೂವತ್ತಮೂರು ದಿನ, ವರ್ಷಕ್ಕೆ ಎರಡು ಕಾರ್ತೀಕ ಎಲ್ಲಿಯದು ಎಂದು ಹುಬ್ಬು ಹಾರಿಸಬೇಡ. ನಿಮ್ಮ ತಿಂಗಳು ಬೇಗ ಮುಗಿಯುತ್ತಿತ್ತಂತೆ, ನಮ್ಮ ಲೆಕ್ಕ ಬೇರೆ. ನನ್ನ ಮಾತು ಒರಟೆನಿಸಿದರೆ, ಕೆಲವು ಅರ್ಥವಾಗದೆ ಹೋದರೆ, ಹೊಟ್ಟೆಗೆ ಹಾಕಿಕೋ. ನಾನು ಶಾಲೆಯ ಜಗಲಿಯಲ್ಲಿ ಕೂತದ್ದು ಹಾಲುಹಲ್ಲು ಬಿದ್ದು ಬೇರೆ ಹುಟ್ಟುವಷ್ಟು ಕಾಲ ಮಾತ್ರ. ಅಕ್ಷರ ಬಂತು, ನಯ ಬರಲಿಲ್ಲ. ನಿನ್ನ ಹೆಸರು ನನಗೆ ಗೊತ್ತಿಲ್ಲ. ವರ್ಷ ಎಣಿಸಿದರೆ ನೀನು ನನ್ನ ಮುತ್ತಜ್ಜಿಯ ಮುತ್ತಜ್ಜಿ. ಆದರೆ ಆ ಗಂಟು ಕಟ್ಟಿದ ದಿನ ನನ್ನ ಮಗಳ ವಯಸ್ಸಿನವಳಾಗಿದ್ದಿರಬೇಕು. ಕಾಲಿಗೆ ಬೀಳಲೋ, ಕಿವಿ ಹಿಂಡಲೋ? ಮಗಳೇ ಎಂದೇ ಕರೆಯುತ್ತೇನೆ. ಮಗಳಾದರೆ ಬೈಯುವುದಕ್ಕೂ ಹಕ್ಕಿರುತ್ತದೆ.

ಮೊದಲು ನಮ್ಮ ಊರಿನ ರೀತಿ ಹೇಳಬೇಕು, ಇಲ್ಲದಿದ್ದರೆ ನಮ್ಮ ಪೆದ್ದುತನ ನಿನಗೆ ತಿಳಿಯುವುದಿಲ್ಲ. ನಮ್ಮಲ್ಲಿ ಕಸ ಎಂಬ ಮಾತಿಲ್ಲ. ಹುಣ್ಣಿಮೆಯ ಬೆಳಿಗ್ಗೆ ಪ್ರತಿ ಮನೆಯವರೂ ತಮಗೆ ಬೇಡವಾದದ್ದನ್ನು ಅರಳಿಕಟ್ಟೆಗೆ ತಂದು, ಮುಚ್ಚುಮರೆಯಿಲ್ಲದೆ, ಅದರ ಹೆಸರು ಹೇಳಿ ಇಡಬೇಕು. ಇದಕ್ಕೆ ಒಪ್ಪಿಸುವ ಹುಣ್ಣಿಮೆ ಎನ್ನುತ್ತೇವೆ. ಮುರಿದ ಒನಕೆ, ಸವೆದ ಕಂಬಳಿ, ಸೀಳಿದ ಬುಟ್ಟಿ, ಯಾವುದನ್ನು ಇಟ್ಟರೂ ‘ಯಾರಿಗೆ ಬೇಕು’ ಎಂದು ಮೂರು ಸಲ ಕೂಗಬೇಕು. ಬೇಕಾದವರು ಎತ್ತಿಕೊಳ್ಳುತ್ತಾರೆ. ಯಾರೂ ಎತ್ತಿಕೊಳ್ಳದಿದ್ದರೆ ಅದು ಮೊದಲು ಕೊಟ್ಟವರ ಮನೆಗೇ ಮರಳಬೇಕು: ಮಡಕೆ ಕುಂಬಾರನಿಗೆ, ಬುಟ್ಟಿ ಹೆಣೆದವಳಿಗೆ. ಹಾಗಾಗಿ ವಾಪಸು ತೆಗೆದುಕೊಳ್ಳಲಾಗದ್ದನ್ನು ನಮ್ಮಲ್ಲಿ ಯಾರೂ ಮಾಡುವುದೇ ಇಲ್ಲ. ಕಟ್ಟೆಯ ಮೇಲೆ ಒಬ್ಬರ ಸಂಸಾರ ಇನ್ನೊಬ್ಬರ ಕಣ್ಣಿಗೆ ಬಟ್ಟಬಯಲು. ನಾನಂತೂ ಸುಮ್ಮನಿರುವವಳಲ್ಲ. ಹೋದ ವರ್ಷ ಪಕ್ಕದ ಮನೆಯ ಮಂಚವ್ವ ಹಿಡಿ ಮುರಿದ ಸೌಟು ತಂದಿಟ್ಟಾಗ, “ಹಿಡಿ ಹೋದ್ರೇನಂತೆ, ಬಾಯಿ ಐತಲ್ಲೇ! ಮಡಿಕೊ, ನಿಂಗೆ ಜೋಡಿಯಾಯ್ತದೆ” ಎಂದೆ. ಅವಳು ಬಿಟ್ಟಾಳೆಯೇ? “ನಿನ್ ನಾಲ್ಗೆಯ ಮಾತ್ರ ಇಲ್ಲಿಗೆ ತರಬ್ಯಾಡ ಕಣಕ್ಕ, ಮೂರ್ ಸಲ ಅಲ್ಲ, ಮುನ್ನೂರ್ ಸಲ ಕೂಗುದ್ರೂ ಯಾರೂ ತಕ್ಕೊಳ್ಳಕಿಲ್ಲ” ಎಂದಳು. ಊರೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ಮೊಮ್ಮಗಳು. ಅವಳ ವಿಷಯಕ್ಕೇ ಬರುತ್ತಿದ್ದೇನೆ.

ಬೇಡವಾದದ್ದನ್ನು ಹೀಗೆ ತೆರೆದಿಡುವ ಜನ ನಾವು. ಗಂಟು ಕಟ್ಟುವುದು ಬೆಲೆಯುಳ್ಳದ್ದಕ್ಕೆ ಮಾತ್ರ. ಬಿತ್ತನೆಯ ಬೀಜಕ್ಕೆ ಒಂದು ಗಂಟು, ತಾಳಿಗೆ ಮೂರು. ಗಂಟು ಬಿಗಿಯಾದಷ್ಟೂ ಒಳಗಿನದು ದೊಡ್ಡದು ಎಂದು ತೊಟ್ಟಿಲ ಕೂಸಿಗೂ ಗೊತ್ತು. ಇನ್ನು ನಮ್ಮ ಊರಿನ ನೆತ್ತಿಗೆ ನೀವು ಬಿಟ್ಟುಹೋದ ಗುಡ್ಡವಿದೆಯಲ್ಲ, ಹಿಂದೊಮ್ಮೆ ತಲೆಮಾರುಗಟ್ಟಲೆ ಹೊಗೆಯಾಡಿ ಆರಿದ ಗುಡ್ಡ, ಅದರ ತುಂಬ ಗಂಟುಗಳೇ. ಸಾಯದ ಹಾಳೆಯ ಗಂಟುಗಳು. ನೀವು ಅದನ್ನು ಪ್ಲಾಸ್ಟಿಕ್ ಎನ್ನುತ್ತಿದ್ದಿರಂತೆ. ಎಷ್ಟು ಮಳೆ ಕುಡಿದರೂ ಕೊಳೆಯದ್ದರಿಂದ ನಾವು ಹೀಗೆ ಕರೆಯುತ್ತೇವೆ. ನೋಡಿದವರು ಏನೆಂದುಕೊಳ್ಳಬೇಕು ಹೇಳು? ಹಿರಿಯರು ತಮ್ಮ ಬದುಕಿನ ಬೆಲೆಯುಳ್ಳದ್ದನ್ನೆಲ್ಲ ಬಿಗಿದು ಬಿಗಿದು ಕಟ್ಟಿ ಮುಂದಿನವರಿಗೆಂದು ಕಾಪಿಟ್ಟಿದ್ದಾರೆ ಎಂದುಕೊಂಡೆವು. ಬಿಚ್ಚಿದಾಗ ಹೊಲಸು ಸಿಕ್ಕಿದ್ದೂ ಉಂಟು. ಅದು ನಮ್ಮ ಪುಣ್ಯ ಸಾಲದ್ದು, ಅವರ ತಪ್ಪಲ್ಲ ಎಂದೆವು. ಮಕ್ಕಳು ಹಿರಿಯರನ್ನು ಇದಕ್ಕಿಂತ ಹೆಚ್ಚು ನಂಬುವುದು ಹೇಗೆ?

ಆ ನಂಬಿಕೆಯಿಂದಲೇ ಒಂದು ಪದ್ಧತಿ ಬಂತು. ಮದುವೆಯ ಹೆಣ್ಣಿಗೆ ಮಡಿಲು ತುಂಬುವಾಗ ಅಕ್ಕಿ, ಕೊಬ್ಬರಿ, ಬೆಲ್ಲದ ಜೊತೆಗೆ ಸೋದರಮಾವ ಗುಡ್ಡದಿಂದ ಆರಿಸಿ ತಂದ ಒಂದು ಬಿಗಿಗಂಟನ್ನು ಬಿಚ್ಚದೆ ಇಡುತ್ತಾನೆ. ಗಂಡನ ಮನೆಯಲ್ಲಿ ಹೆಣ್ಣು ಅದನ್ನು ಬರಿಗೈಯಲ್ಲಿ ಬಿಚ್ಚಬೇಕು, ಕತ್ತಿ ಮುಟ್ಟಿಸಬಾರದು. ಒಳಗೆ ತಗಡೋ ತಂತಿಯೋ ಯಾವ ಲೋಹ ಸಿಕ್ಕರೂ ಅಡುಗೆಮನೆಯ ಒಲೆಯಲ್ಲಿ ತಾನೇ ಬೆಂಕಿ ಊದಿ ಕರಗಿಸಬೇಕು. ಅದರಲ್ಲಿ ಅವಳ ಕಾಲುಂಗುರ.

ನನ್ನ ಮೊಮ್ಮಗಳು ಹುಟ್ಟುವಾಗ ಪಕ್ಕದ ಮನೆಯ ಮದುವೆಯಲ್ಲಿ ಹೆಂಗಸರು ಸೋಬಾನೆ ಹೇಳುತ್ತಿದ್ದರು. ಅದಕ್ಕೇ ಸೋಬಾನೆ ಎಂದೇ ಹೆಸರಿಟ್ಟೆವು. ಅವಳಿಗೆ ಊದುಗೊಳವೆ ಕೊಟ್ಟರೆ ಒಲೆ ಉರಿಯುತ್ತಿರಲಿಲ್ಲ, ಕೊಳಲು ಮಾಡಿಕೊಂಡು ರಾಗ ಊದುತ್ತ ಕೂರುತ್ತಿದ್ದಳು. ಸೊಪ್ಪು ಬೇಯದೆ ನಾನು ಬೈದದ್ದು ಎಷ್ಟೋ. ಈ ಸಲದ ಮೊದಲ ಕಾರ್ತೀಕದಲ್ಲಿ ಅವಳ ಮದುವೆ. ಸೋದರಮಾವ ಎಂದರೆ ನನ್ನ ಮಗ ಜವನಯ್ಯ. ಗುಡ್ಡವೆಲ್ಲ ಜಾಲಾಡಿ ನಿನ್ನ ಗಂಟನ್ನು ಹೊತ್ತು ತಂದ. “ಹಾಳೆಯೊಳ್ಗೆ ಹಾಳೆ ಕನವ್ವ, ಮೂರ್ ಗಂಟು! ಯಾರೋ ಮಾರಾಣಿ ಮಡಗಿರೋ ಹಂಗದೆ” ಎಂದು ಅವನ ಮುಖ ಅರಳಿದ್ದು ನೋಡಬೇಕಿತ್ತು. ಮಹಾರಾಣಿ ಎಂದರೆ ನೀನೇ, ಮಗಳೇ.

ಗಂಡನ ಮನೆಯಲ್ಲಿ ಸೋಬಾನೆ ಉಗುರು ಮುರಿದುಕೊಂಡು ಅದನ್ನು ಬಿಚ್ಚಿದಳು. ಒಳಗೆ ತೋಳಿಗೆ ಸುತ್ತುವ ಬಟ್ಟೆಯ ಪಟ್ಟಿ, ಹಿಸುಕಿದರೆ ಗಾಳಿ ಬಿಡುವ ಒಂದು ಕರಿಯ ಉಂಡೆ, ಮೈತುಂಬ ಅಂಕಿ ಬರೆದ ಗಾಜಿನ ಕೊಳವೆಯಿದ್ದ ಉದ್ದನೆಯ ಪೆಟ್ಟಿಗೆ. ಪೆಟ್ಟಿಗೆ ವಾಲಿಸಿದಾಗ ತಟ್ಟೆಗೆ ಬೆಳ್ಳಿಯೇ ಹನಿಹನಿಯಾಗಿ ಉರುಳಿತಂತೆ. ಅವಳ ಅತ್ತೆ ಕೈ ತಟ್ಟಿ, “ಅಯ್ಯೋ, ಕಾಸದೇ ಕರಗ್ಬುಟ್ಟದೆ! ನಮ್ಮ ಸೊಸೆ ಕಾಲ್ಗುಣ ನೋಡ್ರವ್ವ” ಎಂದಳಂತೆ. ಪದ್ಧತಿ ಬಿಡುವ ಹಾಗಿಲ್ಲವಲ್ಲ, ಹಳೆಯ ತಗಡಿನ ಚೂರಿನ ಜೊತೆ ಅದನ್ನೂ ಒಲೆಗಿಟ್ಟರು. ಬಾಗಿಲು ಹಾಕಿಕೊಂಡು ನನ್ನ ಕೂಸು ಊದಿತು. ಹೊರಗೆ ಕೂತವರಿಗೆ ಊದುಗೊಳವೆಯ ರಾಗ ಕೇಳಿಸುತ್ತಿತ್ತಂತೆ. ಎಷ್ಟು ಊದಿದರೂ ಬೆಳ್ಳಿ ತಗಡಿಗೆ ಬೆರೆತು ಗಟ್ಟಿಯಾಗಲಿಲ್ಲ, ಕಣ್ಣೆದುರಿಗೇ ಆರಿ ಗಾಳಿಯಾಯಿತು. ಆ ಗಾಳಿಯನ್ನೇ ಅವಳು ಉಸಿರಾಡಿದಳು. ಬೆಳಗಾಗುವುದರೊಳಗೆ ಎದೆ ಉರಿ, ಕೆಮ್ಮು, ಉಸಿರಿಗೆ ಎಳೆದಾಟ. ವಾರ ತುಂಬಲಿಲ್ಲ. ಕಾಲುಂಗುರವಿಲ್ಲದ ಕಾಲಿಗೇ ಅರಿಸಿನ ಹಚ್ಚಿ ಕಳಿಸಿದೆವು.

ಮದ್ದು ಕೊಡುವ ಬೋರಮ್ಮ ಆ ಪೆಟ್ಟಿಗೆ ನೋಡಿ, ಇದು ರೋಗಿಯ ರಕ್ತದ ಒತ್ತಡ ಅಳೆಯುವ ಸಾಧನ, ಒಳಗಿದ್ದದ್ದು ಪಾದರಸ ಎಂದಳು. ಆಮೇಲೆ ಸೋಬಾನೆಯ ಗಂಡನ ಮನೆಯ ಒಲೆಯ ಮೂಲೆಯಲ್ಲಿ ನನಗೆ ಒಂದು ಕಾಗದದ ಹಾಳೆ ಸಿಕ್ಕಿತು. ಪೆಟ್ಟಿಗೆಗೆ ನೀನು ಸುತ್ತಿದ್ದ ಹಾಳೆ. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದೆ. ‘ಈ ಭಾನುವಾರ ಉದ್ಯಾನದ ಗೇಟಿನ ಬಳಿ ನಿಮ್ಮ ಮನೆಯ ಹಳೆಯ ಬ್ಯಾಟರಿ, ಟ್ಯೂಬ್‌ಲೈಟ್, ಅವಧಿ ಮುಗಿದ ಔಷಧಿ, ಪಾದರಸವಿರುವ ಸಾಧನಗಳನ್ನು ತಂದು ಕೊಡಿ. ಬೆಳಿಗ್ಗೆ ಹನ್ನೊಂದರವರೆಗೆ.’ ಮತ್ತೊಮ್ಮೆ ಮೊದಲಿನಿಂದ ಓದಿದೆ. ನಿಮ್ಮಲ್ಲೂ ಒಪ್ಪಿಸುವ ದಿನ ಇತ್ತು! ಯಾರೋ ಮನೆಮನೆಗೆ ಬಂದು ಕರೆದೂ ಹೋಗಿದ್ದರು! ಕರೆದ ಹಾಳೆಯಲ್ಲೇ ಸುತ್ತಿ ಎಸೆದೆಯಲ್ಲೇ, ನಿನ್ನ ಕೈಗೆ ಏನು ಬಂದಿತ್ತು?

ಬೈದಾಯಿತು. ನೀನು ಕೆಟ್ಟವಳಲ್ಲ ಎಂಬುದು ನನಗೆ ಗೊತ್ತು. ಮನೆಯಲ್ಲಿ ಹಾಸಿಗೆ ಹಿಡಿದವರು ಯಾರೋ ಇದ್ದರು, ಮಾವನೋ ತಾಯಿಯೋ. ನೀನು ದಿನವೂ ಅವರ ತೋಳಿಗೆ ಪಟ್ಟಿ ಸುತ್ತಿ ನೋಡಿಕೊಂಡೆ. ಅವರು ಹೋದ ಮೇಲೆ ಆ ಪೆಟ್ಟಿಗೆ ಕಣ್ಣಿಗೆ ಬಿದ್ದಾಗಲೆಲ್ಲ ಅವರ ನೆನಪು ಕಾಡಿರಬೇಕು. ನೀವು ಕಸ ಎನ್ನುತ್ತಿದ್ದುದನ್ನು ಒಯ್ಯುವವರ ಕೈಗೆ ಗಾಜು ತಾಗದಿರಲಿ ಎಂದು ಹಾಳೆಯೊಳಗೆ ಹಾಳೆ ಇಟ್ಟು ಮೂರು ಗಂಟು ಬಿಗಿದೆ. ಅವರ ಕೈ ಉಳಿಯಿತು. ಅವರಾಚೆಗೂ ಕೈಗಳಿವೆ ಎಂದು ನಿನಗೆ ಹೊಳೆಯಲಿಲ್ಲ, ಅಷ್ಟೇ.

ಈ ಹುಣ್ಣಿಮೆಗೆ ಆ ಪೆಟ್ಟಿಗೆಯನ್ನು ನಾನೇ ಕಟ್ಟೆಗೆ ಒಯ್ದೆ. ಹೆಸರು ಹೇಳಿ ಇಟ್ಟು ‘ಯಾರಿಗೆ ಬೇಕು’ ಎಂದು ಮೂರು ಸಲ ಕೂಗಿದೆ. ಯಾರೂ ಎತ್ತಿಕೊಳ್ಳಲಿಲ್ಲ, ಮಂಚವ್ವ ಬಂದು ನನ್ನ ಪಕ್ಕ ನಿಂತಳು. ಜವನಯ್ಯ ತಲೆ ಎತ್ತಲಿಲ್ಲ. ಅವನು ಮಾತು ಬಿಟ್ಟು ತಿಂಗಳಾಯಿತು. ಯಾರಿಗೂ ಬೇಡವಾದದ್ದು ಕೊಟ್ಟವರ ಮನೆಗೆ ಮರಳಬೇಕು. ಆದ್ದರಿಂದ ಇದು ನಿನ್ನದು, ತಗೋ. ಈ ಓಲೆ ನಿನಗೆ ಹೇಗೆ ಮುಟ್ಟೀತು ಎಂದು ಊರವರು ಕೇಳುತ್ತಾರೆ. ಅವಳ ಗಂಟು ನನಗೆ ಮುಟ್ಟಲಿಲ್ಲವೇ, ಹಾಗೆಯೇ ಎನ್ನುತ್ತೇನೆ.

ಈಗ ನಿನ್ನ ಕೈಯಲ್ಲಿ ಆ ಗಂಟು ಇನ್ನೂ ಇದೆ ಎಂದೇ ತಿಳಿದು ಕೇಳಿಕೊಳ್ಳುತ್ತೇನೆ. ಬಿಚ್ಚು, ತಾಯಿ. ಭಾನುವಾರ ಹನ್ನೊಂದರವರೆಗೂ ಅವರು ಗೇಟಿನ ಹತ್ತಿರ ಕಾಯುತ್ತಾರಂತೆ. ಸೆರಗು ಸರಿ ಮಾಡಿಕೊಂಡು ಹೊರಡು. ಇಲ್ಲಿ ನಮ್ಮ ಸೋಬಾನೆ ಒಲೆ ಹಚ್ಚುವ ಮೊದಲು ಹೋಗಿ ಕೊಟ್ಟು ಬಾ.