ಗುರುವಾರದ ಇಪ್ಪತ್ನಾಲ್ಕು ಡಿಗ್ರಿ

ಜನವರಿ 6, ಸೋಮವಾರ

ಬೆಳಗ್ಗೆ ಹನ್ನೊಂದಕ್ಕೆ ಮತ್ತೆ ಹದಿನಾರು ಡಿಗ್ರಿ. ಬೆರಳು ಮರಗಟ್ಟಿ ಚಿಮಟದಿಂದ ಸ್ಕ್ರೂ ಜಾರಿತು. ಕೈಗಡಿಯಾರದ ಸ್ಕ್ರೂ, ಸಾಸಿವೆಗಿಂತ ಸಣ್ಣದು. ಮಂಡಿಯೂರಿ ಅರ್ಧ ಗಂಟೆ ತಡಕಾಡಿದೆ. ಆಗ ಗೋಡೆಯ ಮೇಲಿನ ಥರ್ಮೋಸ್ಟಾಟ್ ಕಣ್ಣು ಬಿಟ್ಟಿತು. ಯಾರೋ ಬಂದರು ಎಂದುಕೊಂಡು ಮನೆ ಕಾಯಿಸತೊಡಗಿತು.

ಹಳೆಯದು ಕೆಟ್ಟ ಮೇಲೆ ಹಾಕಿಸಿದ ಸ್ಮಾರ್ಟ್ ಯಂತ್ರ. ಒಂದು ಗಂಟೆ ಎದುರಿಗೆ ಯಾರೂ ಅಲುಗಾಡದಿದ್ದರೆ ಮನೆ ಖಾಲಿ ಎಂದು ತೀರ್ಮಾನಿಸಿ ಹೀಟಿಂಗ್ ಇಳಿಸುತ್ತದೆ. ನಾನು ಹಾಲ್‌ನಲ್ಲಿ ಕೂತು ದಿನವಿಡೀ ಗಡಿಯಾರ ರಿಪೇರಿ ಮಾಡುವವನು. ಅಲುಗಾಡಿದರೆ ಕೆಲಸ ಕೆಟ್ಟಿತು.

ಸಂಜೆ ಹೆಂಡತಿ ಬಂದಳು — ಹಲ್ಲಿನ ಡಾಕ್ಟರ ಕ್ಲಿನಿಕ್‌ನಲ್ಲಿ ರಿಸೆಪ್ಷನ್ ಕೆಲಸ, ಆರರವರೆಗೆ. ಇನ್ನೂ ಬೂಟು ಬಿಚ್ಚಿರಲಿಲ್ಲ, ಯಂತ್ರದ ಮುಖ ಕಿತ್ತಳೆ ಬಣ್ಣಕ್ಕೆ ತಿರುಗಿತು.

"ನೋಡಿದ್ರಾ, ಸಾಹೇಬ್ರಿಗೆ ನನ್ನ ಗುರುತು ಸಿಗುತ್ತೆ," ಎಂದಳು.

ನಗಬಹುದಿತ್ತು. ನಗಲಿಲ್ಲ.

ಜನವರಿ 8

ಸಂಜೆ ಏಳಕ್ಕೆ ಹೀಟಿಂಗ್ ಮೆಕ್ಯಾನಿಕ್ ಬಂದಿದ್ದ. ನಲವತ್ತರ ಆಸುಪಾಸು. ಕೆಲಸ ಮಾಡುವಾಗ ಶಿಳ್ಳೆ ಹಾಕುತ್ತಾನೆ. ನನ್ನನ್ನು ಮೇಜಿನ ಮುಂದೆ ಕೂರಿಸಿ ದೂರ ನಿಂತು ನೋಡಿದ.

"ಯಂತ್ರ ಚೆನ್ನಾಗೇ ಇದೆ ಸರ್. ನೀವೇ ಅದಕ್ಕೆ ಕಾಣಿಸ್ತಿಲ್ಲ."

"ಇಪ್ಪತ್ತೆರಡು ವರ್ಷದಿಂದ ನಾನೂ ಅದೇ ಹೇಳ್ತಿದ್ದೀನಿ!" ಎಂದು ಹೆಂಡತಿ ನಕ್ಕಳು. ಅವನೂ ನಕ್ಕ. ಇಬ್ಬರೂ ಒಂದೇ ಸಲ ನಿಲ್ಲಿಸಿದರು.

ನಮ್ಮಿಬ್ಬರ ಫೋನಿಗೂ ಆ್ಯಪ್ ಹಾಕಿಕೊಟ್ಟ. ಅವಳಿಗೆ ತೋರಿಸಲು ಹತ್ತು ನಿಮಿಷ, ನನಗೆ ಎರಡು. ಚಹಾದ ಜೊತೆ ಮೇಲಿನ ಕಪಾಟಿನ ಬಿಸ್ಕತ್ತು ಹೊರಬಂತು. ಆ ಡಬ್ಬಿ ನನಗಾಗಿ ಕೆಳಗಿಳಿದದ್ದು ನೆನಪಿಲ್ಲ.

ಜನವರಿ 11, ಶನಿವಾರ

ಉಪಾಯ ಸಿಕ್ಕಿತು. ಯಂತ್ರ ನೋಡುವುದು ಬಿಸಿ ವಸ್ತುವಿನ ಚಲನೆಯನ್ನು. ಯಾರೂ ವಾಪಸು ಒಯ್ಯದ ಗೋಡೆ ಗಡಿಯಾರವೊಂದರ ಹಿಂಬದಿ ತೆಗೆದು, ಅದನ್ನು ರೇಡಿಯೇಟರ್ ಮುಂದೆ ತೂಗುಹಾಕಿದೆ. ಪೆಂಡುಲಂ ಆಚೀಚೆ ಹೋದಂತೆ ಬಿಸಿ ಮರೆಯಾಗುತ್ತದೆ, ಕಾಣುತ್ತದೆ. ಯಂತ್ರಕ್ಕೆ ಅದೇ ಮನುಷ್ಯ. ಇಡೀ ದಿನ ಹತ್ತೊಂಬತ್ತು. ಕದಲಲಿಲ್ಲ.

ಹತ್ತೊಂಬತ್ತು ನನ್ನ ಕಟ್ಟಳೆ. ಶಾಖ ಏರಿಳಿದರೆ ಗಡಿಯಾರಗಳು ಹದಕ್ಕೆ ಬರುವುದಿಲ್ಲ. ಹೆಂಡತಿ ಮನೆಯೊಳಗೂ ಸ್ವೆಟರ್ ಹಾಕುತ್ತಾಳೆ. ಮದುವೆಯಾದಾಗಿನಿಂದ.

"ನಿಮಗಿಂತ ಇದೇ ಚುರುಕು," ಎಂದು ಪೆಂಡುಲಂ ಕಡೆ ಕೈ ತೋರಿಸಿದಳು.

ಜನವರಿ 31, ಶುಕ್ರವಾರ

ಮೂರು ವಾರ ಬರೆಯಲು ಏನೂ ಇರಲಿಲ್ಲ. ಮನೆ ಸರಿಯಾಗಿತ್ತು.

ಇವತ್ತು ಆ್ಯಪ್‌ನಲ್ಲಿ ಆ ಮೂರು ವಾರದ ಶಾಖದ ಗೆರೆ ನೋಡಿದೆ. ಚಪ್ಪಟೆ, ಹತ್ತೊಂಬತ್ತು. ನಡುವೆ ಮೂರು ಗುಡ್ಡ. ಮೂರೂ ಗುರುವಾರ. ಮಧ್ಯಾಹ್ನ ಎರಡೂ ಹತ್ತರ ಸುಮಾರಿಗೆ ಇಪ್ಪತ್ನಾಲ್ಕು. ನಾಲ್ಕೂ ನಲವತ್ತಕ್ಕೆ ಮತ್ತೆ ಹತ್ತೊಂಬತ್ತು. ಪಕ್ಕದಲ್ಲಿ ಒಂದು ಕೈಯ ಚಿತ್ರ: ಗೋಡೆಯ ಬಳಿಯೇ ನಿಂತು ತಿರುಗಿಸಿದ್ದು.

ಗುರುವಾರ ಎರಡರಿಂದ ಐದು ನಾನು ಪುರಸಭೆ ಗೋಪುರದಲ್ಲಿರುತ್ತೇನೆ. ಎಂಟು ದಿನಕ್ಕೊಮ್ಮೆ ಕೀ ಕೊಡಬೇಕಾದ ಗಡಿಯಾರ. ಏಳನೆಯ ದಿನ ಕೊಡುತ್ತೇನೆ. ಹನ್ನೊಂದು ವರ್ಷ, ಒಂದು ಗುರುವಾರವೂ ತಪ್ಪಿಲ್ಲ. ಇದು ಗೊತ್ತಿರುವುದು ಅವಳಿಗೆ. ಈಗ ಬಹುಶಃ ಇನ್ನೊಬ್ಬನಿಗೆ.

ಫೆಬ್ರವರಿ 1

ತಟ್ಟೆ ಒರೆಸುತ್ತಿದ್ದಳು. "ಗುರುವಾರ ಕ್ಲಿನಿಕ್‌ನಲ್ಲಿ ಜನ ಜಾಸ್ತಿನಾ?" ಎಂದೆ.

"ಯಾಕೆ?"

"ಸುಮ್ನೆ."

"ಎಲ್ಲಾ ದಿನದ ಹಾಗೇ. ಹಲ್ಲು ನೋವು ವಾರ ನೋಡ್ಕೊಂಡು ಬರುತ್ತೇನ್ರೀ?"

ತಟ್ಟೆ ಆಗಲೇ ಒಣಗಿತ್ತು. ಒರೆಸುತ್ತಲೇ ಇದ್ದಳು.

ಫೆಬ್ರವರಿ 3

ಅವಳ ಫೋನು ಮೇಜಿನ ಮೇಲಿತ್ತು. ಮೆಕ್ಯಾನಿಕ್‌ನ ನಂಬರ್ ಇದೆ. ನನ್ನ ಫೋನಿನಲ್ಲೂ ಇದೆ, ನಿಜ. ಅದೇ ಬೇರೆ, ಇದೇ ಬೇರೆ.

ಸಿನೆಮಾದ ಗಂಡಂದಿರ ಹಾಗೆ ಕೂಗಾಡಲು ಬರುವುದಿಲ್ಲ. ನನ್ನದು ಬಿಚ್ಚಿ ನೋಡುವ ಕಸುಬು. ಪೆಂಡುಲಂ ಆಡುತ್ತಿರುವವರೆಗೆ ಮನೆಯಲ್ಲಿ ಯಾರಿದ್ದರೂ ಇಲ್ಲದಿದ್ದರೂ ಯಂತ್ರ ಒಂದೇ ಸಾಕ್ಷಿ ಹೇಳುತ್ತದೆ. ನಿಲ್ಲಿಸಿದರೆ ನಿಜ ಹೇಳಬೇಕು. ಇಬ್ಬರು ಒಂದೆಡೆ ಸೇರಿದರೆ ಕಲ್ಲಿನ ಹಾಗೆ ಕೂತಿರುತ್ತಾರೆಯೇ?

ಫೆಬ್ರವರಿ 6, ಗುರುವಾರ, 3.20, ಗೋಪುರ

ಹೊರಡುವ ಮುನ್ನ ಪೆಂಡುಲಂ ನಿಲ್ಲಿಸಿ ಬಂದೆ. ಫೋನಿನಲ್ಲಿ ಆ್ಯಪ್ ನೋಡುತ್ತಿದ್ದೇನೆ. 2.12 — ಚಲನೆ. ಕೈಯ ಚಿತ್ರ. ಇಪ್ಪತ್ನಾಲ್ಕು. ನಂತರ ಏನೂ ಇಲ್ಲ. 3.13 — 'ಮನೆಯಲ್ಲಿ ಯಾರೂ ಇಲ್ಲ.' ಹೀಟಿಂಗ್ ಇಳಿಯಿತು.

ಬಂದು, ಮನೆ ಬೆಚ್ಚಗೆ ಮಾಡಲು ಹೇಳಿ, ಎಲ್ಲಿಗೆ ಹೋದಳು? ಯಾರ ಜೊತೆ? ಕೀ ಅರ್ಧ ತಿರುಗಿಸಿದ್ದೇನೆ. ಇಳಿಯುತ್ತಿದ್ದೇನೆ.

ಅದೇ ದಿನ, ಸಂಜೆ 6

ಬಾಗಿಲು ತೆಗೆದೆ. ಕಿಟಕಿಯ ಬಳಿ, ನನ್ನ ಕುರ್ಚಿಯಲ್ಲಿ ಇದ್ದಳು. ಒಬ್ಬಳೇ. ತೋಳಿಲ್ಲದ ರವಿಕೆ, ಬರಿಗಾಲು. ಸ್ವೆಟರ್ ಮಡಚಿ ದೂರ ಇಟ್ಟಿದ್ದಳು, ಮೇಜಿನ ಆ ತುದಿಯಲ್ಲಿ. ಕೈಯಲ್ಲಿ ಪುಸ್ತಕವಿಲ್ಲ, ಫೋನಿಲ್ಲ. ತೋಳುಗಳ ಮೇಲೆ ಚಳಿಯ ಗುಳ್ಳೆ ಎದ್ದಿದ್ದವು.

"ಸಾಹೇಬ್ರು ಇವತ್ತು ಕೈ ಕೊಟ್ರು," ಎಂದಳು. ತಿರುಗಿ ನೋಡಲಿಲ್ಲ. "ಕೂತಿದ್ದ ಹಾಗೇ ತಣ್ಣಗಾಗಿಬಿಡ್ತು."

ಆಮೇಲೆ ತಿರುಗಿದಳು. "ಗಡಿಯಾರಕ್ಕೆ ಏನಾಯ್ತು? ಇಷ್ಟು ಬೇಗ?"

"ಕ್ಲಿನಿಕ್?"

"ಗುರುವಾರ ಅರ್ಧ ದಿನ. ಮೂರು ವರ್ಷ ಆಯ್ತು. ನೀವು ಬರೋ ಮುಂಚೆ ಹೊರಟು, ಆರರ ಮೇಲೆ ಬರ್ತೀನಿ."

"ಇಲ್ಲಿ ಏನು ಮಾಡ್ತೀಯ?"

"ಏನೂ ಮಾಡಲ್ಲ. ಬೆಚ್ಚಗಿರ್ತೀನಿ."

ಆಗ ಅವಳ ಕಣ್ಣು ನಿಂತ ಪೆಂಡುಲಂ ಮೇಲೆ ಬಿತ್ತು. ಕೀ ಮುಗಿದು ನಿಂತದ್ದಲ್ಲ ಎಂದು ಅವಳಿಗೆ ತಿಳಿಯುತ್ತದೆ. ಇಪ್ಪತ್ತೆರಡು ವರ್ಷ ಗಡಿಯಾರಗಳ ನಡುವೆ ಇದ್ದವಳು.

"ನೀವೇ ನಿಲ್ಸಿದ್ರಾ?"

ಹೌದು ಎಂದೆ.

"ಯಾರಿದ್ದಾರೆ ಅಂತ ನೋಡೋಕಾ?"

ಅವಳು ಎದ್ದು ಸ್ವೆಟರ್ ಹಾಕಿಕೊಂಡಳು. ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ, ಒಂದೂ ಬಿಡದೆ.

ಫೆಬ್ರವರಿ 11

ಪುರಸಭೆಯಿಂದ ಫೋನು. ಗೋಪುರದ ಗಡಿಯಾರ ನಿನ್ನೆಯೇ ನಿಂತಿದೆಯಂತೆ. ಅರ್ಧ ಕೀ. ಹನ್ನೊಂದು ವರ್ಷದಲ್ಲಿ ಮೊದಲು. ಮೈಗೆ ಹುಷಾರಿರಲಿಲ್ಲ ಎಂದೆ. ಹೋಗಿ ಸರಿಮಾಡಿ ಬಂದೆ.

ಅವಳು ಮಾತಾಡುತ್ತಾಳೆ. ಊಟ ಬಡಿಸುತ್ತಾಳೆ. ಬೈದಿದ್ದರೆ ಆಗುತ್ತಿತ್ತು.

ಮನುಷ್ಯನೊಬ್ಬನ ಮೇಲೆ ಹೊಟ್ಟೆಕಿಚ್ಚು ಪಡುವುದು ಸುಲಭ. ಅವನಿಗೆ ಮುಖವಿರುತ್ತದೆ, ಶಿಳ್ಳೆ ಇರುತ್ತದೆ. ಅವನಿರಲಿಲ್ಲ. ಆದರೂ ಕಿಚ್ಚು ಇಳಿಯಲಿಲ್ಲ. ನಾನಿಲ್ಲದ ಎರಡೂವರೆ ಗಂಟೆಯ ಮೇಲೆ ಈಗ. ಆ ಹೊತ್ತಿನಲ್ಲಿ ಅವಳು ಹೇಗಿರುತ್ತಾಳೆಂದು ಪೆಂಡುಲಂ ಮೂರು ವಾರ ನೋಡಿದೆ. ನಾನು ಒಂದು ನಿಮಿಷ ನೋಡಿದೆ, ಅದೂ ಚಳಿ ಹಿಡಿದ ಮೇಲೆ.

ಫೆಬ್ರವರಿ 14

ನಿನ್ನೆ ಗುರುವಾರ. ಪೆಂಡುಲಂ ಆಡಿಸಿಯೇ ಹೋಗಿದ್ದೆ. ಗೆರೆ ನೇರ. ಹತ್ತೊಂಬತ್ತು.

ಆರು ಕಳೆದ ಮೇಲೆ ಬಂದಳು. "ಅರ್ಧ ದಿನ ಅಲ್ವಾ?" ಎಂದೆ.

"ಬಿಟ್ಟುಬಿಟ್ಟೆ. ಫೈಲುಗಳ ಕೆಲಸ ಇತ್ತು."

"ನಾನು ಗೋಪುರದಲ್ಲೇ ಇರ್ತೀನಿ. ಐದರವರೆಗೂ. ಆಣೆ."

"ಅದಕ್ಕಲ್ಲ ರೀ." ಬೂಟು ಬಿಚ್ಚುತ್ತ ಬಾಗಿದ್ದಳು, ಮುಖ ಕಾಣಲಿಲ್ಲ. "ಇನ್ನು ಕೂತ್ರೂ ನೀವು ಅಲ್ಲೇ ನಿಂತು ನೋಡ್ತಿರೋ ಹಾಗಿರುತ್ತೆ."

ಫೆಬ್ರವರಿ 19

ಊಟದ ಹೊತ್ತಿಗೆ ಹೇಳಿದೆ: "ನಾಳೆ ಎರಡಕ್ಕೆ ಗೋಪುರದಿಂದಲೇ ಇಪ್ಪತ್ನಾಲ್ಕು ಮಾಡ್ತೀನಿ. ನೀನು ಬಂದ್ರೂ, ಬರದಿದ್ರೂ. ಪೆಂಡುಲಂ ಆಡ್ತಿರುತ್ತೆ, ನೀನಿದ್ದೀಯೋ ಇಲ್ವೋ ನನಗೆ ಗೊತ್ತಾಗಲ್ಲ."

"ನಿಮ್ಮ ಗಡಿಯಾರಗಳು?"

"ಕೆಟ್ಟರೆ ರಿಪೇರಿ ಮಾಡ್ತೀನಿ. ಕಸುಬೇ ಅದು."

ಅವಳ ಬಾಯಿಯ ಮೂಲೆ ಕೊಂಚ ಅಲುಗಿತು.

ಫೆಬ್ರವರಿ 20, ಗುರುವಾರ, 4.36, ಗೋಪುರ

ಪೂರ್ತಿ ಕೀ ಕೊಟ್ಟೆ. ಎರಡಕ್ಕೆ ಸರಿಯಾಗಿ ಇಪ್ಪತ್ನಾಲ್ಕು ಮಾಡಿದೆ. ಆಗಿನಿಂದ ಗೆರೆ ಮೇಲೆಯೇ ಇದೆ. 'ಮನೆಯಲ್ಲಿ ಯಾರೋ ಇದ್ದಾರೆ' ಎನ್ನುತ್ತಿದೆ ಯಂತ್ರ. ಅದು ನನ್ನದೇ ಪೆಂಡುಲಂ. ಅವಳ ಗುರುತು ಒಂದೇ — ನಾಲ್ಕೂ ನಲವತ್ತಕ್ಕೆ, ನಾನು ಬರುವ ಮುಂಚೆ ಮನೆ ತಣ್ಣಗಾಗಿರಲೆಂದು, ಗೋಡೆಯ ಬಳಿ ಒಂದು ಕೈ.

ಫೋನು ಮೊಣಕಾಲ ಮೇಲಿದೆ. ಇಲ್ಲಿ ಚಳಿ. ತಲೆಯ ಮೇಲೆ ಊರಿನ ಗಡಿಯಾರ.

4.40.

4.41. ಇನ್ನೂ ಇಪ್ಪತ್ನಾಲ್ಕು.

4.44. ಇಪ್ಪತ್ನಾಲ್ಕೇ. ಅಂದರೆ ಅವಳು ಬಂದೇ ಇಲ್ಲ. ಇಲ್ಲವೇ ಬಂದಿದ್ದಾಳೆ, ಕೂತಿದ್ದಾಳೆ, ನನಗಾಗಿ ಇನ್ನು ಇಳಿಸುವುದು ಬೇಡವೆಂದು ತೀರ್ಮಾನಿಸಿದ್ದಾಳೆ.