ಸಾಬಿರಾ ಕಲಿಸಿದ ರೊಟ್ಟಿ

ಹುನಗುಂದ, ೩೦ ಫೆಬ್ರವರಿ ೨೩೧೭

ಹಿಂದಿನ ಕಾಲದ ಮಾಸ್ತರರಿಗೆ, ಗಣಿತದ ಮಾಸ್ತರ ಶಿವಲಿಂಗಪ್ಪ ಕಡಪಟ್ಟಿಯ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ನಾವು ಎಲ್ಲ ತಿಂಗಳಿಗೂ ಮೂವತ್ತು ದಿನ ಹಂಚಿ, ಮಿಕ್ಕಿದ್ದನ್ನು ರಜೆ ಮಾಡಿಕೊಂಡಿದ್ದೇವೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಬರಹ ಓದುವಾಗ ನನಗೂ ಹಾಗೇ ಆಗುತ್ತದೆ.

ನಮ್ಮ ಊರಿನ ಮೇಲೆ ಬಿಸಿಲು ತಡೆಯುವ ನೆರಳುಬಟ್ಟೆ ಇದೆ. ಬೆಳಿಗ್ಗೆ ಹತ್ತಕ್ಕೆ ಬಿಚ್ಚುತ್ತಾರೆ, ಸಂಜೆ ನಾಲ್ಕಕ್ಕೆ ಸುತ್ತುತ್ತಾರೆ. ಅದರ ಪಟಪಟ ಸದ್ದೇ ಶಾಲೆಯ ಗಂಟೆ. ಮನೆಮನೆಯಲ್ಲೂ ಉಣಿಸುಪೆಟ್ಟಿಗೆ ಇದೆ. ಹಿಟ್ಟು, ನೀರು ಹಾಕಿ ಮುಚ್ಚಿದರೆ ರೊಟ್ಟಿ ತಾನೇ ಹೊರಬರುತ್ತದೆ. ಹಾಗಾಗಿ ಕೈಯಲ್ಲಿ ರೊಟ್ಟಿ ಬಡಿಯುವ ಮನೆಗಳು ಊರಿಗೆ ಮೂರೋ ನಾಲ್ಕೋ ಉಳಿದಿವೆ. ಶಾಲೆಯಲ್ಲಿ 'ತಿರುಗುಪಾಠ' ಎಂಬ ಪದ್ಧತಿಯಿದೆ. ಏಳು ವರ್ಷಕ್ಕೊಮ್ಮೆ ಮಾಸ್ತರನಾದವನು ತನಗೆ ಬಾರದ ಒಂದು ಕೆಲಸವನ್ನು ತನ್ನದೇ ತರಗತಿಯ ಮಗುವಿನಿಂದ, ಎಲ್ಲರೆದುರು, ಒಂದು ತಿಂಗಳು ಕಲಿಯಬೇಕು. ಅವನು ಮುಂದೆಯೂ ಕಲಿಸಬಹುದೇ ಎಂದು ಕೊನೆಗೆ ಮಕ್ಕಳೇ ತೀರ್ಮಾನಿಸುತ್ತಾರೆ. ನನಗೋ ಪಾಠ ಹೇಳುವುದು ಬಿಟ್ಟರೆ ಬೇರೆ ಬದುಕೇ ಗೊತ್ತಿಲ್ಲ. ಈ ಸಲ ನಿಜಕ್ಕೂ ಹೆದರಿದ್ದೆ.

ನನಗೆ ಬಂದದ್ದು ಜೋಳದ ರೊಟ್ಟಿ. ಕಲಿಸುವವಳು ಸಾಬಿರಾ, ರೊಟ್ಟಿ ಬಡಿಯುವ ಆ ಮೂರ್ನಾಲ್ಕು ಮನೆಗಳಲ್ಲಿ ಒಂದರವಳು, ಹನ್ನೊಂದು ವರ್ಷದವಳು, ನಾಲ್ಕು ವರ್ಷದಿಂದ ನನ್ನ ತರಗತಿಯಲ್ಲಿ ತುಟಿಪಿಟಕ್ಕೆನ್ನದೆ ಕೂತ ಹುಡುಗಿ. ಮೊದಲ ದಿನ ನನ್ನ ಒಂಬತ್ತು ರೊಟ್ಟಿಯೂ ಹರಿದವು. ಮಕ್ಕಳು ಬಿದ್ದು ಬಿದ್ದು ನಕ್ಕರು. ಅವಳು ನಗಲಿಲ್ಲ. ಪ್ರತಿ ರೊಟ್ಟಿಯೂ ಎಲ್ಲಿಂದ ಬಿರುಕು ಬಿಟ್ಟಿತೆಂದು ಬಗ್ಗಿ ನೋಡಿ, ನಾನು ಹಿಟ್ಟಿಗೆ ಹಾಕಿದ ನೀರು ಕುದ್ದಿರಲಿಲ್ಲ ಎಂದು ಹೇಳಿದಳು. ಉತ್ತರ ತಪ್ಪಾದರೆ ಕೆಂಪು ಗೆರೆ ಎಳೆದು ಮುಂದಿನ ಪುಟಕ್ಕೆ ಹೋಗುವುದು ನನ್ನ ರೂಢಿ. ಎಲ್ಲಿ ತಪ್ಪಿತೆಂದು ನಾನು ಯಾವತ್ತೂ ಬಗ್ಗಿ ನೋಡಿದವನಲ್ಲ.

ಆದರೂ ಬುದ್ಧಿ ಬರಲಿಲ್ಲ. ಮಾನ ಉಳಿಸಿಕೊಳ್ಳಲು ಪಕ್ಕದ ಮನೆಯ ಕಲ್ಲವ್ವನ ಹತ್ತಿರ ಕದ್ದು ಕಲಿತೆ. ಹತ್ತನೇ ದಿನ ದುಂಡನೆಯ ರೊಟ್ಟಿ ಬಡಿದು ಚಪ್ಪಾಳೆಗೆ ಕಾದೆ. ಮಕ್ಕಳೆಲ್ಲ ಸಾಬಿರಾಳ ಮುಖ ನೋಡಿದರು.

"ಸರ್, ನೀವು ಮನ್ಯಾಗ ಕಲ್ತು ಬಂದೀರಿ," ಎಂದಳು ಸಾಬಿರಾ. "ಹಂಗಾದ್ರ ನಾ ಯಾಕ ಬೇಕ್ರಿ?"

ಅವಳ ಕಣ್ಣಲ್ಲಿ ನೀರಿತ್ತು. ನನಗೆ ನಾಚಿಕೆಯಾಯಿತು, ಬಹಳವೇ ಆಯಿತು. ಮರುದಿನದಿಂದ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಕೇಳಿದೆ. ಅಂಚು ಯಾಕೆ ದಪ್ಪವಾಗುತ್ತದೆ ಎಂದು ಒಂದೇ ದಿನ ಆರು ಸಲ ಕೇಳಿರಬೇಕು. ಆರು ಸಲವೂ ಅವಳು ಮೊದಲನೇ ಸಲದಂತೆಯೇ ಹೇಳಿದಳು.

ತಿಂಗಳ ಕೊನೆಗೆ ಮಕ್ಕಳು ನನಗೆ ಏಳು ವರ್ಷ ಕೊಡಲಿಲ್ಲ. ಒಂದು ವರ್ಷ ಕೊಟ್ಟರು, ನೋಡೋಣ ಎಂದರು. ನಾನು ಸಂತೋಷವಾಗಿಯೇ ಇದ್ದೇನೆ. ನನ್ನ ರೊಟ್ಟಿಯನ್ನು ನಾನೇ ಬಡಿದು ತಿನ್ನುತ್ತೇನೆ.

ನಿನ್ನೆ ಗಣಿತದ ಹೊತ್ತಿನಲ್ಲಿ ಸಾಬಿರಾ ಮೊದಲ ಬಾರಿಗೆ ಎದ್ದು ನಿಂತಳು. "ಸರ್, ಭಿನ್ನರಾಶಿ ನಂಗ ಮೊದಲಿಂದನೂ ತಿಳಿದಿಲ್ರಿ," ಎಂದಳು. ನಾಲ್ಕು ವರ್ಷ ಅದನ್ನು ಅವಳಿಗೆ ಕಲಿಸಿದವನು ನಾನೇ. ಅವಳ ಪಾಟಿ ಇಸಿದುಕೊಂಡು, ಪಕ್ಕದಲ್ಲಿ ನೆಲದ ಮೇಲೆ ಕೂತೆ.

ನಿಮ್ಮ ತರಗತಿಯಲ್ಲೂ ಹೀಗೆ ಸುಮ್ಮನೆ ಕೂತವರು ಇರುತ್ತಾರೆ. ಈ ಪತ್ರ ಮಡಿಚಿಟ್ಟು, ದಯವಿಟ್ಟು ಇವತ್ತೇ ಅವರ ಪಕ್ಕ ಹೋಗಿ ಕೂತುಕೊಳ್ಳಿ.