ಸಾಂಬಾರೂರಿನ ಸಂಕ

ಫೆಬ್ರವರಿ 2, ಭಾನುವಾರ. ಸಂಜೆ.

ತಪ್ಪೊಪ್ಪಿಗೆ. ಶೇಖರನೆಂಬ ನಾನು, ವಯಸ್ಸು ಐವತ್ತೆರಡು, ಇಂಗ್ಲಿಷ್ ಎಂ.ಎ., ಜಿದ್ದಾ ಬಂದರಿನಲ್ಲಿ ಸರಕು ಬಿಡಿಸುವ ಒಂದು ಕ್ಲಿಯರಿಂಗ್ ಆಫೀಸಿನ ನಂಬಿಗಸ್ತ ನೌಕರ, ಇಂದು ಸ್ವಬುದ್ಧಿಯಿಂದ ಕಳ್ಳತನ ಮಾಡಿದ್ದೇನೆ. ಕದ್ದ ಮಾಲು: ಮೀಟಿಂಗ್ ರೂಮಿನ ಎಚ್‌ಡಿಎಂಐ ಕೇಬಲ್. ಅಡಗಿಸಿದ ಜಾಗ: ಟಿಫಿನ್ ಚೀಲ, ಮೊಸರಿನ ಡಬ್ಬಿಯ ಅಡಿ. ನಾಳೆ ಮ್ಯಾನೇಜರರ ಸ್ಲೈಡುಗಳು ಪರದೆ ಕಾಣುವುದಿಲ್ಲ. ಸಹೋದ್ಯೋಗಿಗಳು ನನಗೆ ಹಾರ ಹಾಕಬೇಕು.

ಅಪರಾಧದ ಉದ್ದೇಶ: ಫ್ರಾನ್ಸ್ ಪ್ರವಾಸ.

ಹೋದೆವು. ಲ್ಯಾಪ್‌ಟಾಪಿನಿಂದ ಟಿವಿಗೆ ಕೇಬಲ್ ಸಿಕ್ಕಿಸಿ, ಹೆಂಡತಿ ಪುಷ್ಪಾಳನ್ನು ವಾಕರ್ ಹಿಡಿಸಿ ನಿಲ್ಲಿಸಿದೆ. ವಿಡಿಯೋದಲ್ಲಿ ಯಾರೋ ಪುಣ್ಯಾತ್ಮ ಫ್ರಾನ್ಸಿನ ಹಳ್ಳಿಗಳಲ್ಲಿ ಕ್ಯಾಮೆರಾ ಹಿಡಿದು ನಡೆಯುತ್ತಾನೆ. ಮಾತಿಲ್ಲ, ಸಂಗೀತವಿಲ್ಲ. ಬೂಟಿನ ಸದ್ದು, ನೀರಿನ ಸದ್ದು. ಅವನು ಅಲ್ಲಿ ನಡೆದ. ನಾವು ಅಜೀಜಿಯಾ ಬಡಾವಣೆಯ ನಮ್ಮ ಹಾಲ್‌ನಲ್ಲಿ, ಸೋಫಾದಿಂದ ಅಡುಗೆಮನೆಯ ಕಡೆಗೆ. ನದಿಯೇ ಇಲ್ಲದ ದೇಶದಲ್ಲಿ ಹೊಳೆಬದಿಯ ವಾಕಿಂಗ್.

ಬರುವ ಮೇ ತಿಂಗಳಲ್ಲಿ ನಿಜವಾಗಿ ಹೋಗುವುದಿತ್ತು. ವೀಸಾ ಅಪಾಯಿಂಟ್‌ಮೆಂಟ್ ಕೂಡ ಸಿಕ್ಕಿತ್ತು. ಡಿಸೆಂಬರಿನಲ್ಲಿ ಸ್ಟ್ರೋಕ್ ಆಯಿತು. ಪುಷ್ಪಾಳ ಬಲಗೈ ಹೋಯಿತು, ಬಲಗಾಲು ಮುಕ್ಕಾಲು ಹೋಯಿತು. ಶಬ್ದಗಳ ಬಾಲ ಹೋಯಿತು. ನೀರು ಬೇಕಾದರೆ "ನೀ" ಎನ್ನುತ್ತಾಳೆ. ಕಿಟಕಿ ಎಂದರೆ "ಕಿ". ಮಿಕ್ಕಿದ್ದನ್ನು ನಾನು ಸೇರಿಸಿಕೊಳ್ಳುತ್ತೇನೆ.

ಫೆಬ್ರವರಿ 5

ಆ ವಿಡಿಯೋದ ಹಳ್ಳಿಯ ಹೆಸರು 'ಸಾಂ' ಎಂದು ಶುರುವಾಗುತ್ತದೆ. ಮುಂದಿನದು ನನ್ನ ನಾಲಿಗೆಗೆ ಮೀರಿದ್ದು. ಕಳೆದ ವರ್ಷ ಮೊದಲ ಸಲ ನೋಡಿದಾಗ ಪುಷ್ಪಾ ಕೇಳಿದ್ದಳು:

"ಸಾಂ ಅಂದ್ರೆ ಎಂತ?"

"ಸಂತ."

"ಮತ್ತೆ ಉಳಿದದ್ದು?"

"ಅದು ಫ್ರೆಂಚರಿಗೇ ಬಿಟ್ಟದ್ದು."

"ಸಾಕು ಬಿಡಿ ಮಾರಾಯ್ರೆ. ಸಾಂಬಾರೂರು."

ಶ್ಲೇಷೆ ಈ ಮನೆಯಲ್ಲಿ ನನ್ನ ಇಲಾಖೆ ಎಂದು ಜನ ತಿಳಿದಿದ್ದಾರೆ. ಒಳ್ಳೆಯವೆಲ್ಲ ಅವಳವು. ಇಕಾಮಾದಲ್ಲಿ, ಅಂದರೆ ಇಲ್ಲಿನ ವಾಸದ ಪರವಾನಗಿಯಲ್ಲಿ, ನಾನು ಅವಳ ಕಫೀಲ್, ಜವಾಬ್ದಾರ; ಮನೆಯೊಳಗೆ ನನ್ನ ವೀಸಾ ಅವಳ ಕೈಯಲ್ಲಿ.

ಸಾಂಬಾರೂರಿನಲ್ಲಿ ಮೊದಲು ಸಿಗುವುದು ಚರ್ಚು. ಮೊಂಡು ಗೋಪುರ, ಬಾಗಿಲ ಮೇಲೆ ಮೂಗು ಸವೆದ ಸಂತರು. ಚರ್ಚಿಗೆ ಫ್ರೆಂಚಿನಲ್ಲಿ ಎಗ್ಲೀಜ್. ನಮ್ಮ ಮಂಗಳೂರು ಕಡೆ ಇಗರ್ಜಿ. ಇಬ್ಬರೂ ಒಂದೇ ಅಜ್ಜಿಯ ಮೊಮ್ಮಕ್ಕಳು. "ಎಗ್ಲೀಜ್, ಆದರೆ ಒಳಗೆ ಗಲೀಜಿಲ್ಲ" ಎಂದೆ. ಪುಷ್ಪಾ ಎಡಗಡೆಯಿಂದ ನಕ್ಕಳು. ಬಲಗಡೆ ಇನ್ನೂ ನಗುವುದಿಲ್ಲ.

ಆಮೇಲೆ ಕಲ್ಲು ಹಾಸಿದ ಓಣಿ. ಹೊಳೆ ಬದಿಯ ಕಾಲುದಾರಿ. ಸಾಲು ಮರ. ತಿರುವಿನಲ್ಲಿ ಸೇತುವೆ. ಕಪ್ಪುಗಟ್ಟಿದ ಕಲ್ಲು, ಮೂರು ಕಮಾನು. ಕಂಬದ ಬುಡದಲ್ಲಿ ಹುಲ್ಲು. ಅದನ್ನು ಕಂಡಾಗಲೆಲ್ಲ ಪುಷ್ಪಾ ಎದೆಗೆ ಕೈ ಇಡುತ್ತಿದ್ದಳು. ನಮಗೆ ಅದು ಸೇತುವೆಯಲ್ಲ, ಸಂಕ. ಊರಲ್ಲಿ ತೋಡಿನ ಮೇಲಿನ ಅಡಕೆ ದಬ್ಬೆಯೂ ಸಂಕ, ಫ್ರಾನ್ಸಿನ ಏಳುನೂರು ವರ್ಷದ ಕಲ್ಲೂ ಸಂಕ.

ಅಲ್ಲಿಗೆ ಬಂದಾಗ ನಾನು ಹೇಳುವ ಡೈಲಾಗ್ ಒಂದೇ: "ಸಂಕ ಬಂತು, ಸಂಕಟ ಮುಗಿಯಿತು."

ಹಳಸಿದ್ದು. ಆದರೂ ಇವತ್ತು ಹೇಳಿದೆ. ಇವತ್ತು ಹೇಳಬೇಕಿತ್ತು.

ಫೆಬ್ರವರಿ 9

ಕ್ಲಿನಿಕ್. ಈಜಿಪ್ಟಿನ ಡಾಕ್ಟರು ಇಸಿಜಿ ನೋಡಿ ಹುಬ್ಬು ಏರಿಸಿದರು. ಹೃದಯವೂ ದುರ್ಬಲವಂತೆ. ಎದೆಯಲ್ಲಿ ಏನೇ ತೊಂದರೆ ಎಂದರೂ ಕಾಯಬೇಡಿ, ಕೂಡಲೇ ಕರೆತನ್ನಿ ಎಂದರು. ಆಮೇಲೆ: "ಅವರಿಗೆ ಹೇಳಲಿಕ್ಕೆ ಆಗುತ್ತದೆಯೆ?"

"ಡಾಕ್ಟರ್, ನಾನು ಇವಳ ಅಧಿಕೃತ ಅನುವಾದಕ. ನನಗೆ ಅರ್ಧ ಅಕ್ಷರ ಸಾಕು."

"ಮಾಶಾಅಲ್ಲಾಹ್" ಎಂದರು.

ಹೌದು. ಇಪ್ಪತ್ತಾರು ವರ್ಷದ ಸಂಸಾರ, ಮಕ್ಕಳಿಲ್ಲ, ನಾವಿಬ್ಬರೇ ಪರಸ್ಪರ ಪ್ರೇಕ್ಷಕರು. ಸುಮ್ಮನೆ ಬಂತೇ ಈ ವಿದ್ಯೆ?

ಫೆಬ್ರವರಿ 17

ಅನುವಾದಕನಿಗೆ ಸಣ್ಣ ಮುಖಭಂಗ.

ಪುಷ್ಪಾ "ಚಾ" ಎಂದಳು. ಏಲಕ್ಕಿ ಹಾಕಿ ಮಾಡಿ ತಂದೆ. ತಲೆಯಾಡಿಸಿದಳು. ಸಕ್ಕರೆ ಜಾಸ್ತಿಯಾಯಿತೇನೋ ಎಂದು ಇನ್ನೊಂದು ಲೋಟ ಮಾಡಿದೆ. ಅದಕ್ಕೂ ತಲೆಯಾಡಿಸಿದಳು. ಅಷ್ಟರಲ್ಲಿ ಎದುರು ಮನೆಯ ಹಸೀನಾ ಬಂದಳು. ಉಳ್ಳಾಲದವಳು, ರಝಾಕನ ಹೆಂಡತಿ. ನಾನು ಆಫೀಸಿನಲ್ಲಿರುವಾಗ ಪುಷ್ಪಾಳ ಬಳಿ ಇರುವವಳು ಅವಳೇ.

"ಶೇಖರಣ್ಣ, ಪುಷ್ಪಕ್ಕ ಚಳಿಗೆ ನಡುಗ್ತಾ ಇದ್ದಾರೆ. ಎಸಿ ಇಷ್ಟು ಇಟ್ಟದ್ದು ಎಂತಕ್ಕೆ, ಮೀನು ಕೆಡದ ಹಾಗಾ? ಅವರು ಕೇಳಿದ್ದು ಚಾದರ."

ಹೊದಿಸಿದಳು. ಪುಷ್ಪಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಚಾವೂ ಬೆಚ್ಚಗೇ ಅಲ್ವಾ ಹಸೀನಾ?"

"ನಿಮ್ಮ ಬಾಯಿಗೆ ಹೊದಿಸ್ಬೇಕು ಒಂದು ಚಾದರ."

ತಪ್ಪು ನನ್ನದಲ್ಲ, ಭಾಷೆಯದು. ಬಾಲ ಕತ್ತರಿಸಿದರೂ ಉಳಿದ ತುಂಡೇ ಪೂರ್ತಿ ಶಬ್ದವಾಗಿ ನಿಂತರೆ ಬಡ ಅನುವಾದಕ ಏನು ಮಾಡಬೇಕು? ಅಪವಾದವೆಂದು ಬರೆದುಕೊಂಡು ಮುಂದೆ ಹೋದೆ. ಎರಡೂ ಲೋಟ ನಾನೇ ಕುಡಿದೆ.

ಮಾರ್ಚ್ 3

ರಮಝಾನ್ ಸಮಯ. ಮೂರು ಗಂಟೆಗೆ ಆಫೀಸು ಬಿಡುತ್ತದೆ. ಫ್ರಾನ್ಸಿನಲ್ಲಿ ಹೆಚ್ಚು ಹೊತ್ತು.

ಪುಷ್ಪಾ ಈಗ ಓಣಿ ದಾಟಿ ಕಾಲುದಾರಿಯ ಅರ್ಧಕ್ಕೆ ಬರುತ್ತಾಳೆ. ಅಂದರೆ ಫ್ರಿಜ್‌ವರೆಗೆ. ನಮ್ಮ ಲೆಕ್ಕದಲ್ಲಿ ಅಡುಗೆಮನೆಯ ಹೊಸ್ತಿಲು ಸಂಕ. ಅದನ್ನು ದಾಟಿದ ದಿನ ವೀಸಾಕ್ಕೆ ಹೊಸ ಅರ್ಜಿ ಎಂದು ಮಾತಾಗಿದೆ. ಇಗರ್ಜಿಯ ಎದುರು ಅರ್ಜಿ.

ಅವಳಿಗೆ ಈ ಮಾತು ಹಿಡಿದಿದೆ. ಬೆಳಿಗ್ಗೆ ಎದ್ದು "ಫ್ರಾ" ಎನ್ನುತ್ತಾಳೆ.

ಕೇಬಲ್ ಎಲ್ಲಿ ಹೋಯಿತೆಂದು ಆಫೀಸಿನಲ್ಲಿ ಇನ್ನೂ ತನಿಖೆ. ಕಳ್ಳ ಯಾರೆಂದು ಪತ್ತೆಹಚ್ಚಬೇಕು ಎಂದು ಮೀಟಿಂಗಿನಲ್ಲಿ ನಾನೂ ಜೋರಾಗಿ ಹೇಳಿದೆ.

ಮಾರ್ಚ್ 14, ಶುಕ್ರವಾರ. ಸಂಜೆ ಐದು ದಾಟಿದೆ.

ಪೂರ್ತಿ ಶಬ್ದ.

ಮತ್ತೆ ಬರೆಯುತ್ತೇನೆ. ಪುಷ್ಪಾ ಇವತ್ತು ಒಂದು ಪೂರ್ತಿ ಶಬ್ದ ಹೇಳಿದಳು. ತಲೆ, ಬಾಲ ಸಮೇತ. ಸ್ಟ್ರೋಕ್ ಆದ ಮೇಲೆ ಮೊದಲ ಸಲ.

ಸೋಫಾದಲ್ಲಿ ಕೂತಿದ್ದಳು. ಎಡಗೈ ಎದೆಯ ಮೇಲೆ, ಹಿಂದೆ ಆ ಸೇತುವೆ ಕಂಡಾಗ ಇಡುತ್ತಿದ್ದ ಹಾಗೇ. "ಸಂಕ" ಎಂದಳು.

ಟಿವಿ ಇನ್ನೂ ಹಾಕಿರಲಿಲ್ಲ. ತಾನಾಗಿಯೇ ಕೇಳಿದ್ದು! ಓಡಿ ಹೋಗಿ ಹಾಕಿದೆ. ಇಗರ್ಜಿ, ಓಣಿ ಎಲ್ಲ ಓಡಿಸಿ ನೇರ ಸೇತುವೆಗೆ ತಂದು ನಿಲ್ಲಿಸಿದೆ. "ಸಂಕ ಬಂತು, ಸಂಕಟ ಮುಗಿಯಿತು" ಎಂದೆ. ನನ್ನ ಅಂಗಿಯ ತೋಳು ಹಿಡಿದು ಮತ್ತೆ "ಸಂಕ" ಎಂದಳು. ಪುನಃ ತೋರಿಸಿದೆ. ಮತ್ತೂ ಕೇಳಿದಳು. ನಿಂತೇ ಕುಣಿದೆ — ಐವತ್ತೆರಡು ವರ್ಷದ ಎಂ.ಎ. ಸಂತೋಷಕ್ಕೆ ಅವಳಿಗೂ ಬೆವರು. ಒರೆಸಿದೆ.

ಈಗ ಕಣ್ಣು ಮುಚ್ಚಿ ಒರಗಿದ್ದಾಳೆ. ದಣಿವು. ಪೂರ್ತಿ ಶಬ್ದ ಹೇಳುವುದೆಂದರೆ ಸುಲಭವೇ?

ಬೆಲ್ ಆಗುತ್ತಿದೆ. ಹಸೀನಾ ಇರಬೇಕು, ಸಮೋಸಾ ತರುತ್ತೇನೆ ಅಂದಿದ್ದಳು. ಅವಳಿಗೇ ಮೊದಲು ಹೇಳ

ಮಾರ್ಚ್ 23

ಆ ಬೆಲ್‌ನ ಆಚೆಗಿನದನ್ನು ಬರೆಯಲಾರೆ. ಹಸೀನಾ ಒಳಗೆ ಬಂದು ಪುಷ್ಪಾಳ ಮುಖ ನೋಡಿ ತಟ್ಟೆ ಕೆಳಗೆ ಬಿಟ್ಟಳು. ಆಂಬುಲೆನ್ಸ್ ಬಂತು. ದಾರಿಯಲ್ಲೇ ಆಯಿತು. ಹೃದಯ ಎಂದರು.

ಇಪ್ಪತ್ತು ವರ್ಷ ಬೇರೆಯವರ ಸರಕು ಬಿಡಿಸಿದವನು. ಈಗ ವಿಮಾನದ ಸರಕುಚೀಟಿಯಲ್ಲಿ, ಏರ್‌ವೇ ಬಿಲ್ಲಿನಲ್ಲಿ, ಅವಳ ಹೆಸರು. ರಝಾಕ್ ಜೊತೆಗೆ ಅಲೆಯುತ್ತಿದ್ದಾನೆ. ಅವಳ ಇಕಾಮಾಕ್ಕೆ, ಇನ್ನು ಈ ದೇಶಕ್ಕೆ ಮರಳುವುದಿಲ್ಲವೆಂದು, ಫೈನಲ್ ಎಕ್ಸಿಟ್ ಹೊಡೆಸಬೇಕಂತೆ, ಕಫೀಲ್ ನಾನೇ.

ಫೈನಲ್ ಎಕ್ಸಿಟ್. ನಾನೇನೂ ಸೇರಿಸಬೇಕಾಗಿಲ್ಲ.

ಏಪ್ರಿಲ್ 9

ಅವಳನ್ನು ಊರಿಗೆ ಮುಟ್ಟಿಸಿ, ಎಲ್ಲ ಮುಗಿಸಿ ಮರಳಿದೆ.

ರಝಾಕನ ಮನೆಯಲ್ಲಿ ಪರಿಚಯದವರು ಸೇರಿದ್ದರು. ಕೊನೆಗೆ ಏನಾದರೂ ಹೇಳಿದರೇ ಎಂದು ಎಲ್ಲರೂ ಕೇಳುತ್ತಾರೆ. ಊರಲ್ಲೂ ಕೇಳಿದ್ದರು. ಹೇಳಿದೆ: ಅರ್ಧ ಶಬ್ದಗಳಲ್ಲಿ ಬದುಕಿದವಳು ಪೂರ್ತಿ ಶಬ್ದ ಹೇಳಿ ಹೋದಳು. ತನ್ನ ಸಂಕವನ್ನು ಕೇಳಿ, ನೋಡಿ, ದಾಟಿ ಹೋದಳು. ಅವಳ ಕೊನೆಯ ಮಾತು ಬೇರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ, ನನಗಾಯಿತು.

"ನೀವು ಪುಣ್ಯವಂತರು ಶೇಖರಣ್ಣ" ಎಂದ ರಝಾಕ್. ಕಣ್ಣೊರೆಸಿಕೊಂಡ.

ಹಸೀನಾ ಮಾತ್ರ ಎದ್ದು ಒಳಗೆ ಹೋದಳು.

ಏಪ್ರಿಲ್ 12, ಶನಿವಾರ

ಮಧ್ಯಾಹ್ನ ಹೋಟೆಲಿನ ಬಿರಿಯಾನಿ. ಅಭ್ಯಾಸ ತಪ್ಪಿದ ಹೊಟ್ಟೆ. ನಾಲ್ಕು ಗಂಟೆಗೆ ಎದೆ ಉರಿ, ಬೆವರು. ರಝಾಕನಿಗೆ ಫೋನ್ ಮಾಡಿದೆ.

"ರಝಾಕ್, ಗ್ಯಾಸಿನ ಮಾತ್ರೆ ಉಂಟಾ? ಎಂತದೋ ಸಂಕ—"

ಅಷ್ಟರಲ್ಲಿ ತೇಗು ಬಂತು. ಶಬ್ದ ಅಲ್ಲಿಗೇ ನಿಂತಿತು.

"ಎಂತ ಸಂಕ?" ಎಂದ ಅವನು, ನನ್ನನ್ನು ನಗಿಸಲೆಂದು ಮೆತ್ತಗೆ. "ಪುನಃ ಫ್ರಾನ್ಸಿಗೆ ಹೊರಟ್ರಾ ಶೇಖರಣ್ಣ?"

ಫೋನ್ ಇಟ್ಟೆ. ಮಾತ್ರೆ ತಂದ ಅವನಿಗೆ ಬಾಗಿಲು ತೆರೆಯಲಿಲ್ಲ.

ಅವಳ ಕೈ ಎದೆಯ ಮೇಲಿತ್ತು. ಕಣ್ಣು ಟಿವಿಯ ಮೇಲೆ ಇರಲಿಲ್ಲ, ಒಮ್ಮೆಯೂ. ನನ್ನ ಮೇಲಿತ್ತು. ನಾನು ಸೇತುವೆ ತೋರಿಸಿದೆ. ಮೂರು ಸಲ. ಕುಣಿದೆ. ಬೆವರು ಒರೆಸಿ ಸಂತೋಷ ಎಂದು ಬರೆದುಕೊಂಡೆ. ಹೊಟ್ಟೆನೋವಿಗೂ ಎದೆನೋವಿಗೂ ಇಪ್ಪತ್ತಾರು ವರ್ಷ ಅವಳು ಬಳಸಿದ್ದು ಒಂದೇ ಶಬ್ದ. ದಿನವೂ ಅದೇ ಶಬ್ದದ ಮೇಲೆ ನಾನು ಶ್ಲೇಷೆ ಮಾಡಿದ್ದು.

ಹಸೀನಾಗೆ ಗೊತ್ತಾಗಿದೆ. ಆವತ್ತು ರಝಾಕನ ಮನೆಯಲ್ಲೇ ಗೊತ್ತಾಗಿದೆ. ಹೇಳದೆ ಎದ್ದು ಹೋದಳು.

ಅರ್ಧ ಅಕ್ಷರ ಸಾಕು ಎಂದವನು ನಾನು. ಒಂದು ಅಕ್ಷರ ಸೇರಿಸಿಕೊಳ್ಳಬೇಕಿತ್ತು, ಒಂದೇ. ಅದು ಪೂರ್ತಿ ಶಬ್ದವಾಗಿರಲಿಲ್ಲ. ಪುಷ್ಪಾ ಹೇಳಿದ್ದು ಸಂಕ ಅಲ್ಲ. ಅವಳು ಹೇಳಿದ್ದು ಸಂಕ